ಅವ್ವನ ಕಾಲಿಗೆ ಬಿಸಿನೀರು

ಸೊಲ್ಲಾಪುರದ ಒಂದು ಟವೆಲ್ ಕಾರಖಾನೆಯಲ್ಲಿ ಮಾಲು ಮಡಚಿ ಪೆಟ್ಟಿಗೆಗೆ ತುಂಬುವುದು ನನ್ನ ಕೆಲಸ. ದಪ್ಪನೆಯ ಬಿಳಿ ಟವೆಲ್ಲುಗಳು, ಕೈಯಿಟ್ಟರೆ ಮೆತ್ತಗೆ ಒಳಗಿಳಿಯುವಂಥವು. ಪೆಟ್ಟಿಗೆಯ ಮೇಲೆ ಮುಂಬೈಯ, ಗೋವೆಯ ಸ್ಪಾಗಳ ವಿಳಾಸ ಇರುತ್ತಿತ್ತು. ಸ್ಪಾ ಅಂದರೇನು ಅಂತ ನನಗೆ ವರ್ಷಗಟ್ಟಲೆ ಗೊತ್ತಿರಲಿಲ್ಲ. ಆಮೇಲೆ ಫೋನಿನಲ್ಲಿ ನೋಡಿದೆ. ಜನ ದುಡ್ಡು ಕೊಟ್ಟು ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು, ಕಣ್ಣು ಮುಚ್ಚಿ, ಏನೂ ಮಾಡದೆ ಕೂಡುತ್ತಾರೆ. ಇದಕ್ಕೆ ನಮ್ಮ ಕಡೆ ಮೈಗಳ್ಳತನ ಅಂತ ಬೇರೆ ಹೆಸರಿದೆ. ಆದರೂ ನೋಡುತ್ತ ನೋಡುತ್ತ ಆಸೆ ಹುಟ್ಟಿತು. ನನಗಲ್ಲ, ಅವ್ವನಿಗೆ ಹಾಗೆ ಕೂತುಕೊಳ್ಳಲು ಸಿಗಬೇಕು ಅಂತ.

ಅವ್ವ ನಮ್ಮೂರು ಕರಜಗಿಯಲ್ಲಿ ಅಣ್ಣನ ಜೊತೆ ಇರುತ್ತಾಳೆ. ಕಸುವಿದ್ದಷ್ಟು ಕಾಲ ಕುರಿಗಳ ಹಿಂದೆ ತಿರುಗಿದವಳು. ಈಗ ಶುಗರ್ ಇದೆ, ಗುಳಿಗೆ ನೆನಪಾದ ದಿನ ನುಂಗುತ್ತಾಳೆ. ಒಂದು ಬೇಸಿಗೆಯಲ್ಲಿ ನನ್ನ ಮನೆಗೆ ಬಂದಾಗ ಒಂದೇ ಕಾಲಲ್ಲಿ ಚಪ್ಪಲಿ ಇತ್ತು. ಅಕ್ಕಲಕೋಟದಲ್ಲಿ ಬಸ್ಸು ಬದಲಿಸುವಾಗ ಇನ್ನೊಂದು ಕಳಚಿ ಬಿದ್ದಿರಬೇಕು. ಸೊಲ್ಲಾಪುರದ ಸ್ಟ್ಯಾಂಡಿನಲ್ಲಿ ನಾನು ಬೆರಳು ಮಾಡಿ ತೋರಿಸುವತನಕ ಅವಳಿಗೆ ಅದು ಗೊತ್ತೇ ಇರಲಿಲ್ಲ. ನಾನು ನಕ್ಕೆ, ಆಮೇಲೆ ಬೈದೆ, ಆಮೇಲೆ ಹೊಸ ಚಪ್ಪಲಿ ಕೊಡಿಸಿದೆ. ಡಾಂಬರು ಕಾದ ಕಾವಲಿಯಾಗಿತ್ತು. ಬರಿಗಾಲಲ್ಲಿ ನಡೆದವಳಿಗೆ ಸುಡಲಿಲ್ಲ ಯಾಕೆ ಅಂತ ಒಂದು ಕ್ಷಣವೂ ನನ್ನ ತಲೆಗೆ ಬರಲಿಲ್ಲ.

ಎಲ್ಲಕ್ಕೂ ಹೆದರುವವಳು ನಾನು. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಅಂತ ಅರ್ಧ ದಾರಿಯಿಂದ ತಿರುಗಿ ಬರುವ ಜಾತಿ. ಗಂಡ ಲಾರಿ ಮೇಲೆ ಹೋದರೆ ಅವನು ಫೋನು ಮಾಡುವತನಕ ಅನ್ನ ಇಳಿಯುವುದಿಲ್ಲ. ಅಂಥವಳು ಹೆದರಲೇಬೇಕಾದ ಜಾಗದಲ್ಲಿ ಆರಾಮಾಗಿ ಕೂತಿದ್ದೆ, ನೋಡಿ.

ಅವ್ವ ಬಂದ ಮೇಲಿನ ರಜೆಯ ದಿನ ಮುಂಜಾನೆ ಮನೆಯಲ್ಲೇ ಸ್ಪಾ ಹೂಡಿದೆ. ಸೊಲ್ಲಾಪುರದ ಒಂದು ಸ್ಪಾಕ್ಕೆ ಹೋಗಿದ್ದೆ, ಬಾಗಿಲ ಮೇಲಿನ ರೇಟು ನೋಡಿಯೇ ಮೆಟ್ಟಿಲು ಇಳಿದು ಬಂದಿದ್ದೆ. ಅವರ ಹತ್ತಿರ ಇದ್ದದ್ದೆಲ್ಲ ನನ್ನ ಹತ್ತಿರವೂ ಇತ್ತು. ಬಟ್ಟೆ ನೆನೆಸುವ ಪ್ಲಾಸ್ಟಿಕ್ ಟಬ್ಬು, ಕಲ್ಲುಪ್ಪು, ಹಿಂಡಿದ ನಿಂಬೆಹಣ್ಣಿನ ಸಿಪ್ಪೆ, ದೇವರ ಹಾರದಿಂದ ಉದುರಿದ ಗುಲಾಬಿ ಪಕಳೆ, ಉಗುರುಬೆಚ್ಚಗೆ ಮಾಡಿದ ಕುಸುಬಿ ಎಣ್ಣೆ. ಟವೆಲ್ಲು ಮಾತ್ರ ಖರೇ ಸ್ಪಾದ್ದೇ. ಅಂಚಿನಲ್ಲಿ ನೇಯ್ಗೆ ತಪ್ಪಿದ ಸೆಕೆಂಡ್ ಮಾಲನ್ನು ನಮಗೆ ಕಡಿಮೆಗೆ ಕೊಡುತ್ತಾರೆ. ಕಣ್ಣಿನ ಮೇಲಿಡಲು ಸವತಿಕಾಯಿಯ ಬಿಲ್ಲೆ ಕೊಯ್ದು ತಾಟಿನಲ್ಲಿಟ್ಟಿದ್ದೆ. ನಾನು ನೀರು ಕಾಯಿಸಿ ತರುವಷ್ಟರಲ್ಲಿ ಅವ್ವ ಅದಕ್ಕೆ ಉಪ್ಪು ಸವರಿ ತಿಂದು ಮುಗಿಸಿದ್ದಳು.

ಮೊದಲು ಬೆಚ್ಚನೆಯ ನೀರಿನಲ್ಲಿ ಅವಳ ಕಾಲಿಟ್ಟು, ಎಣ್ಣೆ ಹಚ್ಚಿ, ಹಿಮ್ಮಡಿಯಿಂದ ಬೆರಳಿನತನಕ ಒತ್ತಿದೆ. ಒಡೆದ ಹಿಮ್ಮಡಿ, ಗಟ್ಟಿ ಚರ್ಮ. ಹುಟ್ಟಿದಾಗಿನಿಂದ ನಾನು ಆ ಕಾಲುಗಳನ್ನು ಮುಟ್ಟಿದ್ದು ಹಬ್ಬಕ್ಕೆ ನಮಸ್ಕಾರ ಮಾಡುವಾಗ ಮಾತ್ರ. ಹೇಗನ್ನಿಸುತ್ತದೆ ಅಂತ ಕೇಳಿದೆ.

"ಭಾಳ ಹಗೂರ ಅನಸ್ತದವ್ವ. ಇನ್ನಾ ಒತ್ತು."

ನನಗೆ ಎಷ್ಟು ಸಂತೋಷವಾಯಿತೆಂದರೆ, ಕಣ್ಣಲ್ಲಿ ನೀರೇ ಬಂತು. ಒತ್ತಿ ಮುಗಿಸಿ, ಟವೆಲ್ಲನ್ನು ಒದ್ದೆ ಮಾಡಿ ಹಿಂಡಿ ಅವಳ ಕಣ್ಣ ಮೇಲೆ ಹಾಕಿದೆ. ಇನ್ನು ಕಾಲು ಸುಮ್ಮನೆ ನೀರಲ್ಲಿರಲಿ, ಮುಟ್ಟಬೇಡಿ ಅಂತ ಫೋನಿನ ವಿಡಿಯೋದಲ್ಲಿ ಹೇಳಿದ್ದರು. ಒಲೆಯ ಮೇಲೆ ಕಾಯುತ್ತಿದ್ದ ನೀರಿನ ಪಾತೇಲಿ ತಂದು ಟಬ್ಬಿನ ಅಂಚಿಗೆ ನಿಧಾನ ಸುರಿದೆ. ಬಿಸಿ ಆದರೆ ಹೇಳು ಅಂದೆ.

"ಎಲ್ಲಿ ಬಿಸಿ? ಆರ್ಯಾವ ನೀರು. ಹಾಕು ಇನ್ನಷ್ಟು."

ಹಾಕಿದೆ. ಆಮೇಲೆ ಮತ್ತೊಮ್ಮೆ ಹಾಕಿದೆ. ಹೊಸ್ತಿಲ ಮೇಲೆ ಕೂತು ಊರ ಸುದ್ದಿ ಕೇಳಿದೆ, ಅವಳು ಟವೆಲ್ಲಿನ ಕೆಳಗಿಂದ ಹೇಳಿದಳು. ಅವಳ ಮುಖ ಅಷ್ಟು ಸಡಿಲಾಗಿದ್ದನ್ನು ನಾನು ನೋಡಿರಲಿಲ್ಲ.

ಮೇಲೆತ್ತಿದಾಗ ನಾನು ನೀರು ಸುರಿದ ಬದಿಯ ಕಾಲು ಕೆಂಪಗಿತ್ತು. ಕೆಂಪಿನ ಮೇಲೆ ಬೊಕ್ಕೆ. ಒರೆಸಲು ಇನ್ನೊಂದು ಟವೆಲ್ಲು ಇಟ್ಟೆ, ಕಿರುಬೆರಳಿನ ಬದಿಯ ಚರ್ಮ ಟವೆಲ್ಲಿಗೆ ಅಂಟಿಕೊಂಡು ಬಂತು. ಅವ್ವ ಕಣ್ಣ ಮೇಲಿನ ಬಟ್ಟೆಯನ್ನು ತೆಗೆದಿರಲೇ ಇಲ್ಲ. ಯಾಕೆ ಸುಮ್ಮನಾದೆ, ಮುಗಿಯಿತೇನು ಅಂತ ಕೇಳುತ್ತಿದ್ದಳು.

ರಿಕ್ಷಾದಲ್ಲಿ ದಾರಿಯುದ್ದಕ್ಕೂ ಅವಳನ್ನು ಬೈದೆ. ಕುದಿಯುವ ನೀರಿನಲ್ಲಿ ಕಾಲಿಟ್ಟುಕೊಂಡು ಇನ್ನಷ್ಟು ಹಾಕು ಅಂತಾರೇನು, ಬಾಯಿ ಇರಲಿಲ್ಲವೇನು ಅಂತ. ಹೆದರಿಕೆಯಾದರೆ ನನಗೆ ಬೈಗುಳ ಬಿಟ್ಟು ಬೇರೆ ಏನೂ ಬರುವುದಿಲ್ಲ. ಅವಳು ಕಾಲಿನ ಕಡೆ ನೋಡುತ್ತಿದ್ದಳು, ಬೇರೆ ಯಾರದೋ ಕಾಲು ಅನ್ನುವ ಹಾಗೆ.

ಡಾಕ್ಟರು ಗಾಯ ತೊಳೆದರು. ಆಮೇಲೆ ಅವ್ವನಿಗೆ ಕಣ್ಣು ಮುಚ್ಚಲು ಹೇಳಿ, ಗಟ್ಟಿ ದಾರದಂಥದ್ದನ್ನು ಇನ್ನೊಂದು ಅಂಗಾಲಿಗೆ ಅಲ್ಲಲ್ಲಿ ತಾಗಿಸಿ, ಗೊತ್ತಾಗುತ್ತದೆಯೇ ಅಂತ ಮರಾಠಿಯಲ್ಲಿ ಕೇಳಿದರು. ಪ್ರತಿ ಸಲವೂ ಅವ್ವ ಹೂಂ ಅಂದಳು. ಆಗ ಅವರು ದಾರವನ್ನು ದೂರ ಹಿಡಿದು, ಮುಟ್ಟದೆಯೇ ಕೇಳಿದರು. ಅವ್ವ ಅದಕ್ಕೂ ಹೂಂ ಅಂದಳು. ಡಾಕ್ಟರು ನನ್ನ ಮುಖ ನೋಡಿದರು. ಎರಡೂ ಪಾದಗಳಲ್ಲಿ ಸ್ಪರ್ಶ ಹೋಗಿ ಬಹಳ ದಿನ ಆಗಿರಬೇಕು, ಇದು ಶುಗರಿನ ಕೆಲಸ ಅಂದರು. ಇಂಥ ಗಾಯ ಬೇಗ ಮಾಯುವುದಿಲ್ಲ, ಕಿರುಬೆರಳು ಕಪ್ಪಾದರೆ ತೆಗೆಯಬೇಕಾಗುತ್ತದೆ, ಅಲ್ಲಿಗೇ ನಿಂತರೆ ಪುಣ್ಯ ಅಂದರು.

ಅಣ್ಣನಿಗೆ ಫೋನು ಮಾಡಿ ಹೇಳಿದೆ. "ಅವ್ವನ ಕಾಲು ಬೇಯಿಸಿಟ್ಟಿಯೇನು?" ಅಂದ ಅವನು. ಎಷ್ಟು ಹೇಳಿದರೂ ಸ್ಪಾ ಅನ್ನುವುದನ್ನು ಅವನಿಗೆ ತಿಳಿಸಲು ನನಗೆ ಆಗಲಿಲ್ಲ.

ಆ ಮೇಲಿನ ದಿನಗಳು ವೈರಿಗೂ ಬೇಡ. ದಿನಾ ಮುಂಜಾನೆ ಪಟ್ಟಿ ಬಿಚ್ಚಿ, ಕಿರುಬೆರಳನ್ನು ಬಾಗಿಲ ಬೆಳಕಿಗೆ ಹಿಡಿದು ನೋಡುತ್ತಿದ್ದೆ. ನೇರಳೆಯೋ ಕಪ್ಪೋ, ನಿನ್ನೆಗಿಂತ ಹೆಚ್ಚೋ ಕಡಿಮೆಯೋ ಅಂತ ನನ್ನ ಕಣ್ಣನ್ನೇ ನಂಬಲಾಗುತ್ತಿರಲಿಲ್ಲ. ಅವ್ವ ಸೆರಗಿನ ಗಂಟಿನಿಂದ ಮನೆದೇವರು ಬಿರೋಬನ ಭಂಡಾರ ತೆಗೆದು ಗಾಯಕ್ಕೆ ಹಚ್ಚು ಅನ್ನುತ್ತಿದ್ದಳು. ಅವಳಿಗೆ ಹೊಟ್ಟೆನೋವಿಗೂ ಅದೇ ಅರಿಶಿನ ಪುಡಿ, ಕುರಿ ಕುಂಟಿದರೂ ಅದೇ. ನಾನು ಕೈ ಹಿಡಿದು, ಗಾಯಕ್ಕೆ ಬೇಡ, ಹಣೆಗೆ ಹಚ್ಚಿಕೋ ಅಂತ ಜಗಳಾಡುತ್ತಿದ್ದೆ. ಬೆರಳ ಬುಡದಲ್ಲಿ ಕಪ್ಪು ಕಂಡಂತೆ ಆದ ದಿನ ನಾನೇ ಆ ಗಂಟು ಬಿಚ್ಚಿ ನನ್ನ ಹಣೆಗೂ ಹಚ್ಚಿಕೊಂಡೆ.

ಕೆಲಸಕ್ಕೆ ಹೋಗದಿದ್ದರೆ ನಡೆಯುವುದಿಲ್ಲ. ಕಾರಖಾನೆಯಿಂದ ಫೋನು ಮಾಡಿದರೆ ಬೇಷ್ ಅದೀನಿ ಅನ್ನುತ್ತಿದ್ದಳು. ಮೊದಲಾದರೆ ಆ ಒಂದು ಮಾತಿಗೆ ಇಡೀ ದಿನ ನಿಶ್ಚಿಂತೆಯಿಂದ ಇರುತ್ತಿದ್ದೆ. ಈಗ ಅದೇ ಮಾತು ಹೆದರಿಸುತ್ತಿತ್ತು. ಮುಟ್ಟದಿದ್ದರೂ ಹೂಂ ಅನ್ನುವವಳ ಬೇಷನ್ನು ಏನಂತ ನಂಬುವುದು? ಉಂಡೆ ಅಂದಾಗ ಖರೇನೇ ಉಂಡಿದ್ದಳೇ, ಅಪ್ಪ ತೀರಿಕೊಂಡ ವರ್ಷ ಅವಳು ಆರಾಮ ಅದೀನಿ ಅಂದದ್ದು ಖರೇನೇ? ಬಿಳಿ ಟವೆಲ್ಲು ಮಡಚುತ್ತ ಹೀಗೆ ಹಿಂದಿನದನ್ನೆಲ್ಲ ಕೆದಕುತ್ತಿದ್ದೆ, ಮಡಿಕೆ ತಪ್ಪಿ, ಕೆಲಸ ನೋಡಿಕೊಳ್ಳುವ ಮುಕಾದಮನಿಂದ ಬೈಸಿಕೊಳ್ಳುತ್ತಿದ್ದೆ.

ಬೆರಳು ಉಳಿಯಿತು. ಬಹಳ ದಿನ ಹಿಡಿಯಿತು, ಆದರೆ ಕೆಳಗಿನಿಂದ ಗುಲಾಬಿ ಬಣ್ಣದ ಚರ್ಮ ಬಂತು. ಕಾಲಿಗೆ ಏನಾದರೂ ಆದರೆ ಕಾಲು ತಾನಾಗಿ ಹೇಳುವುದಿಲ್ಲ, ದಿನಾ ಕಣ್ಣಿಂದ ನೋಡಬೇಕು ಅಂತ ಡಾಕ್ಟರು ನನಗೆ ಒತ್ತಿ ಒತ್ತಿ ಹೇಳಿದರು. ಮೆತ್ತನೆಯ ಬೂಟು ಹಾಕಿಸಿ ಅವ್ವನನ್ನು ಊರಿಗೆ ಬಿಡಲು ನಾನೇ ಹೊರಟೆ.

ಅಕ್ಕಲಕೋಟದ ಸ್ಟ್ಯಾಂಡಿನಲ್ಲಿ ಕರಜಗಿಯ ಬಸ್ಸಿಗಾಗಿ ಕೂತಿದ್ದೆವು. ನಾನು ಕಟ್ಟೆಯಿಂದ ಕೆಳಗಿಳಿದು, ಅವಳ ಬೂಟು ಬಿಚ್ಚಿ, ಅಂಗಾಲು ನೋಡಿ, ಹಾಗೇ ಒತ್ತತೊಡಗಿದೆ. ಒತ್ತುತ್ತಲೇ, ಇಷ್ಟು ದಿನ ಕೇಳದೆ ಉಳಿಸಿಕೊಂಡಿದ್ದನ್ನು ಕೇಳಿದೆ.

"ಅವತ್ತ ಹಗೂರ ಅನಸ್ತದ ಅಂದಿ. ಖರೇ ಹೇಳು, ನಾ ಒತ್ತಿದ್ದು ಗೊತ್ತಾಗಿತ್ತೇನು?"

ಅವ್ವ ಬಸ್ಸುಗಳ ಕಡೆ ನೋಡಿದಳು. "ಇಲ್ಲವ್ವ. ನೀ ಕಾಲ ಹಿಡ್ದ ಕುಂತಿದ್ದು ಕಾಣ್ತಿತ್ತು. ಗೊತ್ತಾಗವಲ್ದು ಅಂದ್ರ ಎದ್ದ ಹೋಗ್ತಿದ್ದಿ."

ಅಂದು ಮುಂಜಾನೆ ನಾನು ಒತ್ತಿದ್ದರಲ್ಲಿ ಒಂದಿಷ್ಟೂ ಅವಳನ್ನು ಮುಟ್ಟಿರಲಿಲ್ಲ. ಅಲ್ಲೇ ನೆಲದ ಮೇಲೆ ಕೂತು, ಜನ ನೋಡುತ್ತಿದ್ದಾರೆ ಅನ್ನುವುದನ್ನೂ ಮರೆತು ಅತ್ತುಬಿಟ್ಟೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡು, ನನ್ನನ್ನು ಮೇಲೆ ಕೂರಿಸಿಕೊಂಡು, ತನ್ನ ಕೈ ನನ್ನ ತೊಡೆಯ ಮೇಲಿಟ್ಟಳು.

"ಕಾಲ್ ಬಿಡು. ಕೈ ಒತ್ತು. ಕೈಯಾಗ ಇನ್ನಾ ಗೊತ್ತಾಗ್ತದ."

ಆ ಮಾತನ್ನೂ ನನ್ನ ಹಾಳು ಮನಸ್ಸು ನಂಬಲಿಲ್ಲ. ಕಣ್ಣು ಮುಚ್ಚು ಅಂದೆ, ಮುಚ್ಚಿದಳು. ಹೆಬ್ಬೆರಳು ಒತ್ತಿ ಗೊತ್ತಾಗ್ತದೇನು ಅಂದೆ, ಹೂಂ ಅಂದಳು. ನಡುಬೆರಳು ಒತ್ತಿದೆ, ಹೂಂ ಅಂದಳು. ಆಮೇಲೆ ನನ್ನ ಕೈಯನ್ನು ಪೂರ್ತಿ ಹಿಂದಕ್ಕೆ ತೆಗೆದುಕೊಂಡು, ಈಗ ಗೊತ್ತಾಗ್ತದೇನು ಅಂತ ಕೇಳಿದೆ.

"ಇಲ್ಲ," ಅಂದಳು ಅವ್ವ, ಕಣ್ಣು ಮುಚ್ಚಿಕೊಂಡೇ. "ನೀ ಯಾಕ ಕೈ ಬಿಟ್ಟಿ?"