ಜಗಲಿಗೆ ಬಂದ ನೋಟೀಸು

ನಮ್ಮ ಅಂಗಡಿಯ ಅಗಲ ಒಂಬತ್ತು ಅಡಿ, ಉದ್ದ ಹದಿನಾಲ್ಕು. ಮುಂದಿನ ಜಗಲಿ ಬೇರೆ, ಅದು ಮೂರಡಿ. ಆರನೇ ತರಗತಿಯಲ್ಲಿದ್ದಾಗ ಶಾಲೆಯಿಂದ ಮರದ ಸ್ಕೇಲು ಕೇಳಿ ತಂದು ಅಳೆದು, ನನ್ನ ಮೊದಲ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದದ್ದು ಇದನ್ನೇ. ಈಗ ನನಗೆ ಇಪ್ಪತ್ತಮೂರು. ವರ್ಷಕ್ಕೊಂದರಂತೆ ಹನ್ನೆರಡು ನೋಟ್‌ಬುಕ್ಕುಗಳಾಗಿವೆ.

ಅಂಗಡಿ ಇರುವುದು ಕೋತಗಿರಿಯಲ್ಲಿ, ಬಸ್ ನಿಲ್ದಾಣದಿಂದ ಇಳಿಜಾರಿಗೆ ಬಂದರೆ ಎಡಗಡೆ ಏಳನೆಯದು. ಚಹಾ ತೋಟದವರಿಗೆ ಬೇಕಾದ ಸಾಮಾನೆಲ್ಲ ಅಲ್ಲಿ ಸಿಗುತ್ತದೆ: ಗಿಡ ಸವರುವ ಕತ್ತಿ, ಎಲೆ ತುಂಬುವ ಬಲೆಚೀಲ, ಎಲೆ ಕೀಳುವವರು ಸೊಂಟಕ್ಕೆ ಸುತ್ತಿಕೊಳ್ಳುವ ದಪ್ಪ ಪ್ಲಾಸ್ಟಿಕ್ ಹಾಳೆ, ಗಂಬೂಟು, ಕೊಡೆ. ಅಪ್ಪ ಹಿಂದಿನ ಮೂಲೆಯಲ್ಲಿ ಕೂತು ಕತ್ತಿ ಸಾಣೆ ಹಿಡಿಯುತ್ತಾರೆ. ರಬ್ಬರು, ಎಣ್ಣೆ, ಒದ್ದೆ ಚೀಲ ಮೂರೂ ಸೇರಿದ ಆ ವಾಸನೆ ನನಗೆ ಇವತ್ತಿಗೂ ಎಲ್ಲಿ ಬಂದರೂ ಶಾಲೆ ಬಿಟ್ಟ ಹೊತ್ತಿನ ಹಸಿವು ನೆನಪಾಗುತ್ತದೆ. ನಾಲ್ಕೂವರೆಗೆ ಬಂದು, ಬೂಟಿನ ಪೆಟ್ಟಿಗೆ ಮಗುಚಿ ಹಾಕಿ ಕೂತು, ಆ ದಿನ ಎಷ್ಟು ಕತ್ತಿ ಸಾಣೆಗೆ ಬಂದವು, ಎಷ್ಟು ಕೊಡೆ ಹೋದವು, ಮಂಜು ಎಷ್ಟು ಗಂಟೆಗೆ ಇಳಿಯಿತು ಎಂದು ಬರೆಯುತ್ತಿದ್ದೆ. ಯಾರೂ ಬರೆ ಎಂದಿರಲಿಲ್ಲ. ಬರೆಯದಿದ್ದರೆ ದಿನ ಮುಗಿದಂತೆ ಅನ್ನಿಸುತ್ತಿರಲಿಲ್ಲ.

ಜಗಲಿಯಲ್ಲಿ ಸೋಮವಾರ ಮತ್ತು ಶುಕ್ರವಾರ ಹೆತ್ತೆ ಕೂರುತ್ತಿದ್ದಳು. ಹೆತ್ತೆ ಎಂದರೆ ನಮ್ಮ ಬೆಟ್ಟದ ಮಾತಿನಲ್ಲಿ ಅಜ್ಜಿ. ಇವಳು ನಮಗೆ ನೆಂಟಳೇನಲ್ಲ. ಪಕ್ಕದ ಹಟ್ಟಿಯವಳು, ಬಿಳಿ ಮುಂಡು ಉಟ್ಟು, ಬುಟ್ಟಿಯಲ್ಲಿ ಸೊಪ್ಪು, ಅವರೆ, ಆಲೂಗಡ್ಡೆ ತಂದು ಮಾರುತ್ತಿದ್ದಳು. ಬಜಾರಿನವರಿಗೆಲ್ಲ ಅವಳು ಹೆತ್ತೆಯೇ. ಸಂಜೆ ಬಸ್ಸಿಗೆ ಹೊರಡುವಾಗ ಉಳಿದದ್ದರಲ್ಲಿ ಒಂದು ಹಿಡಿಯನ್ನು ನಮ್ಮ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದಳು. ಇನ್ನೊಬ್ಬರ ಹೊಸಿಲಲ್ಲಿ ಕೂತವರು ಏನನ್ನೂ ಇಡದೆ ಎದ್ದು ಹೋಗುವುದಿಲ್ಲ, ಅವರು ಇಟ್ಟದ್ದನ್ನು ಬೇಡ ಅನ್ನುವಂತೆಯೂ ಇಲ್ಲ. ನಮ್ಮ ಹಟ್ಟಿಗಳಲ್ಲಿ ಇದು ಯಾರೂ ಕಲಿಸದೆ ಬರುವ ನಡವಳಿಕೆ. ನಾನು ಅದನ್ನೂ ಬರೆದೆ. ಪುಟಕ್ಕೆ ಗೆರೆ ಎಳೆದು, ತಲೆಯ ಮೇಲೆ ‘ಜಗಲಿಯಿಂದ ಬಂದದ್ದು’ ಎಂದು ಹಾಕಿ, ಕೆಳಗೆ ತಾರೀಖು, ಪದಾರ್ಥ, ಪ್ರಮಾಣ. ಅವರೆ, ಎರಡು ಹಿಡಿ. ಸೊಪ್ಪು, ಒಂದು ಕಟ್ಟು. ಹನ್ನೊಂದರ ಹುಡುಗಿಗೆ ಅದು ಬಹಳ ಅಚ್ಚುಕಟ್ಟಾಗಿ ಕಂಡಿತ್ತು.

ಕಟ್ಟಡದ ಮಾಲೀಕರನ್ನು ನಾವು ಅಯ್ಯ ಎನ್ನುತ್ತಿದ್ದೆವು. ಬೆಟ್ಟದ ಹಳೆಯ ವೀರಶೈವ ಮನೆತನದವರು. ತಿಂಗಳ ಮೊದಲ ಸೋಮವಾರ ಸಂಜೆ, ಕೋಟಿನ ಮೇಲೆ ಮಫ್ಲರ್ ಸುತ್ತಿಕೊಂಡು, ಬಾಡಿಗೆಗೆ ತಾವೇ ಬರುತ್ತಿದ್ದರು. ಬಂದವರು ಮೊದಲು ಮಾತಾಡಿಸುತ್ತಿದ್ದದ್ದು ಅಪ್ಪನನ್ನಲ್ಲ.

“ಏನ ಹೆತ್ತೆ, ಇನ್ನೂ ಇದ್ದೀಯಾ?”

“ನಿನ್ನ ಬಾಡಿಗೆ ಎಲ್ಲಿಗಂಟ ಏರುತ್ತೋ ನೋಡ್ಬೇಕಲ್ಲ, ಅದಕ್ಕೇ ಇದ್ದೀನಿ.”

“ಹೋದ ಸಲದ ಅವರೆ ಬರೀ ನಾರು.”

“ನಿನ್ನ ಹಲ್ಲು ಬಿದ್ದಿದ್ದಕ್ಕೆ ಎನ್ನ ಅವರೆ ಏನ ಮಾಡ್ತು?”

ಆಮೇಲೆ ಒಳಗೆ ಬಂದು, ಹಾಲಿಲ್ಲದ ಚಹಾ ಕುಡಿದು, ಅಪ್ಪ ಕೊಟ್ಟದ್ದನ್ನು ಒಳಜೇಬಿಗೆ ಹಾಕಿಕೊಳ್ಳುವರು. ಅಪ್ಪ ಒಮ್ಮೆ ರಸೀತಿ ಕೇಳಿದ್ದರಂತೆ. “ನಮ್ಮ ನಮ್ಮೊಳಗೆ ರಸೀತಿ ಯಾಕೋ?” ಎಂದು ಅಯ್ಯ ಬೇಸರಪಟ್ಟುಕೊಂಡರಂತೆ. ಕಾಗದ ಎಂದು ಇದ್ದದ್ದು ಒಂದೇ, ನಾನು ಹುಟ್ಟುವ ಮೊದಲು ಛಾಪಾ ಕಾಗದದ ಮೇಲೆ ಬರೆದ ಹನ್ನೊಂದು ತಿಂಗಳ ಕರಾರು. ಅದು ಮುಗಿದ ಮೇಲೆ ಮತ್ತೆ ಬರೆಯಬೇಕೆಂದು ಇಬ್ಬರಿಗೂ ತೋರಲಿಲ್ಲ.

ಹೋದ ವರ್ಷ ಚಳಿಗಾಲದಲ್ಲಿ ಅಯ್ಯ ತೀರಿಕೊಂಡರು. ಆ ದಿನ ಅಂಗಡಿ ತೆರೆಯಲಿಲ್ಲ. ಹೆತ್ತೆಯೂ ನಮ್ಮ ಜೊತೆ ಅವರ ಮನೆಗೆ ಬಂದಳು. ಆಮೇಲಿನ ಮೂರು ತಿಂಗಳು ಅಪ್ಪ ಬಾಡಿಗೆ ತೆಗೆದುಕೊಂಡು ಊಟಿಗೆ, ಬ್ಯಾಂಕಿನಲ್ಲಿ ಕೆಲಸದಲ್ಲಿರುವ ಅಯ್ಯನ ಮಗನ ಬಳಿಗೆ ಹೋದರು. ಅವರು ಮೂರು ಸಲವೂ, “ಇರಲಿ, ಆಮೇಲೆ ನೋಡೋಣ” ಎಂದು ವಾಪಸು ಕಳಿಸಿದರು. ಅಪ್ಪ ಅದನ್ನು ಒಳ್ಳೆಯತನ ಎಂದುಕೊಂಡರು. ನಾಲ್ಕನೆಯ ತಿಂಗಳು ಮಗ ತಾವೇ ಕಟ್ಟಡ ನೋಡಲು ಬಂದರು. ಶುಕ್ರವಾರ. ಅಪ್ಪ ಚಹಾ ಫ್ಯಾಕ್ಟರಿಗೆ ಸಾಮಾನು ಕೊಡಲು ಹೋಗಿದ್ದರು, ನಾನು ಒಳಗೆ ಬೂಟು ಜೋಡಿಸುತ್ತಿದ್ದೆ.

“ಅಜ್ಜೀ, ಇಲ್ಲಿ ಕೂರೋಕೆ ನಿಮಗೆ ಯಾರು ಜಾಗ ಕೊಟ್ಟಿದ್ದು?” ಎಂದು ಅವರು ಕೇಳಿದ್ದು ಕೇಳಿಸಿತು.

“ಅಂಗಡಿಯವ ಕೊಟ್ಟ. ನಾ ಸೊಪ್ಪು ಕೊಡ್ತೀನಿ, ಅವ ಜಾಗ ಕೊಡ್ತಾನೆ. ನಿನಗೆ ಏನ ಬೇಕು ತಮ್ಮಾ, ಸೊಪ್ಪಾ ಜಾಗವಾ?”

ಅಯ್ಯನಾಗಿದ್ದರೆ ಇದಕ್ಕೆ ಎರಡು ಪಟ್ಟು ಉತ್ತರ ಬರುತ್ತಿತ್ತು. ಮಗ ಬೂಟು ಒರೆಸಿಕೊಂಡು ಹೊರಟುಹೋದರು.

ಅದಾದ ಹದಿನೆಂಟನೆಯ ದಿನ ನೋಟೀಸು ಬಂತು. ಅಪ್ಪ ಓದಿ ನನ್ನ ಕೈಗೆ ಕೊಟ್ಟರು. ಎರಡು ಮಾತು ಅದರಲ್ಲಿತ್ತು. ಒಂದು, ನಮ್ಮ ಕೈಯಲ್ಲಿ ಚಾಲ್ತಿಯಲ್ಲಿರುವ ಕರಾರೇ ಇಲ್ಲ, ಬಾಡಿಗೆಯನ್ನೂ ಕಟ್ಟುತ್ತಿಲ್ಲ. ಎರಡು, ಜಗಲಿಯನ್ನು ಮಾಲೀಕರ ಒಪ್ಪಿಗೆಯಿಲ್ಲದೆ ಪ್ರತಿಫಲ ಪಡೆದು ಬೇರೆಯವರಿಗೆ ಒಳಬಾಡಿಗೆಗೆ ಕೊಟ್ಟಿದ್ದೇವೆ. ಆದ್ದರಿಂದ ಗಡುವಿನೊಳಗೆ ಅಂಗಡಿ ಬಿಡಬೇಕು.

“ಒಳಬಾಡಿಗೆ!” ಎಂದರು ಅಪ್ಪ. “ಹೆತ್ತೆಗೆ ಗೊತ್ತಾದ್ರೆ ನಾಳೆಯಿಂದ ಬೋರ್ಡು ಹಾಕ್ತಾಳೆ.” ನಕ್ಕರು, ಆದರೆ ಅವತ್ತು ಸಾಣೆಗೆ ಬಂದ ಮೂರು ಕತ್ತಿ ಹಾಗೆಯೇ ಉಳಿದವು. ಇಪ್ಪತ್ತಾರು ವರ್ಷ ಆ ಮೂಲೆಯಲ್ಲಿ ಕೂತವರು ಅವರು. ಬೇರೆ ಕಡೆ ಅಂಗಡಿ ಹಿಡಿಯಲು ಬೇಕಾದ ಮುಂಗಡ ನಮ್ಮಲ್ಲಿರಲಿಲ್ಲ, ಬೇರೆ ಕೆಲಸ ಅವರಿಗೆ ಬರುತ್ತಿರಲಿಲ್ಲ.

ಊಟಿಯ ವಕೀಲರೊಬ್ಬರ ಬಳಿಗೆ ಹೋದೆವು. ಹನ್ನೆರಡು ನೋಟ್‌ಬುಕ್ಕನ್ನೂ ಬಲೆಚೀಲದಲ್ಲಿ ಹೊತ್ತುಕೊಂಡು ಹೋಗಿದ್ದೆ. ವಕೀಲಮ್ಮ ಮೊದಲು ಬಾಡಿಗೆಯ ವಿಷಯಕ್ಕೆ ಅಪ್ಪನನ್ನು ಬೈದರು. ಮಾಲೀಕ ಬಾಡಿಗೆ ಬೇಡ ಅಂದರೆ ಸುಮ್ಮನೆ ಜೇಬಿಗೆ ಹಾಕಿಕೊಂಡು ಬರುವುದಲ್ಲ, ಮನಿಯಾರ್ಡರಿನಲ್ಲಾದರೂ ಕಳಿಸಿ ಗುರುತು ಉಳಿಸಿಕೊಳ್ಳಬೇಕು, ಇಲ್ಲದಿದ್ದರೆ ಕೊಡದವರು ನೀವೇ ಆಗುತ್ತೀರಿ. ಈಗಿನ ಕಾಯಿದೆಯಲ್ಲಿ ಕರಾರು ಬರವಣಿಗೆಯಲ್ಲಿರಬೇಕು, ದಾಖಲೂ ಆಗಬೇಕು, ಬಾಯಿಮಾತು ಸಾಲದು. ಅಪ್ಪ ಶಾಲೆಯ ಹುಡುಗನಂತೆ ತಲೆ ಅಲ್ಲಾಡಿಸುತ್ತಿದ್ದರು. ನಾನು ಪುಸ್ತಕಗಳನ್ನು ಮುಂದಿಟ್ಟೆ.

ಅವರು ಒಂದು ಪುಟ ನೋಡಿದರು, ಇನ್ನೊಂದು ನೋಡಿದರು, ಮುಖ ಬೆಳಗಿತು. “ಅಬ್ಬಾ, ಪ್ರತಿ ತಿಂಗಳೂ ಬಾಡಿಗೆ ತಗೊಂಡದ್ದು, ತಾರೀಖು, ಗಂಟೆ. ನಮ್ಮ ಗುಮಾಸ್ತರನ್ನ ನಿನ್ನ ಹತ್ರ ಪಾಠಕ್ಕೆ ಕಳಿಸಬೇಕು.” ಇನ್ನೂ ನಾಲ್ಕು ಪುಟ ತಿರುವಿದವರು ಪೆನ್ನು ಕೆಳಗಿಟ್ಟರು. “ಇದೇನಮ್ಮ, ‘ಜಗಲಿಯಿಂದ ಬಂದದ್ದು’?”

ಹೇಳಿದೆ. ಅವರು ನಕ್ಕು, ಮತ್ತೆ ಗಂಭೀರವಾದರು. “ಪ್ರತಿಫಲ ಅಂದ್ರೆ ದುಡ್ಡೇ ಆಗಬೇಕಂತಿಲ್ಲ. ವಾರಕ್ಕೆರಡು ಸಲ, ಹನ್ನೆರಡು ವರ್ಷ, ಗೆರೆ ಎಳೆದು ಬರೆದಿದ್ದೀಯ. ಒಳಬಾಡಿಗೆಯ ಲೆಕ್ಕ ಅಂತ ಅವರ ವಕೀಲರು ಇದನ್ನೇ ಓದ್ತಾರೆ. ಬಾಡಿಗೆ ಕೊಟ್ಟದ್ದಕ್ಕೆ ಸಾಕ್ಷಿಯಾಗಿ ಈ ಪುಸ್ತಕ ಬೇಕೇ ಬೇಕು. ಅರ್ಧ ತೋರಿಸಿ ಅರ್ಧ ಬಚ್ಚಿಡೋಕೆ ಆಗಲ್ಲ.”

“ಬಾಡಿಗೆ ತಾರೀಖುಗಳನ್ನ ಮಾತ್ರ ಬೇರೆ ಪುಸ್ತಕಕ್ಕೆ ಇಳಿಸಿಕೊಂಡು ಬರಲಾ, ಮೇಡಂ?” ಎಂದು ಕೇಳಿದವಳು ನಾನೇ.

ವಕೀಲಮ್ಮ ಕಿಟಕಿಯ ಕಡೆ ತಿರುಗಿದರು. “ಹೊರಗೆ ನೋಡ್ತಿದ್ದೆ, ನೀನು ಹೇಳಿದ್ದು ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಬೇಡ.”

ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಒಂದೇ ಮಾತು ಆಡಿದರು. “ನೀ ಬರೆದಿದ್ದು ತಪ್ಪಿಲ್ಲೆ, ಕೂಸು. ಇದ್ದದ್ದನ್ನ ಬರೆದೆ.” ಬೈದಿದ್ದರೆ ಹಗುರವಾಗುತ್ತಿತ್ತು.

ಮಾರನೆಯ ದಿನ ಅಂಗಡಿ ಕೆಲಸಕ್ಕೆ ರಜೆ ಹಾಕಿ ಹನ್ನೆರಡೂ ಪುಸ್ತಕ ಓದಲು ಕೂತೆ. ಬಾಡಿಗೆ ತಾರೀಖುಗಳ ಒಂದು ಪಟ್ಟಿಯನ್ನಾದರೂ ಮಾಡಿಕೊಡೋಣ ಎಂದು ಶುರು ಮಾಡಿದೆ. ಆದರೆ ಆ ಸೋಮವಾರಗಳು ಹಾಗೆ ಬಿಡಿಸಿಕೊಳ್ಳುವಂತಿರಲಿಲ್ಲ. ಒಂದೇ ಸಾಲಿನಲ್ಲಿ ಎಲ್ಲ ಇತ್ತು: ‘ಅಯ್ಯ ೪.೫೦ಕ್ಕೆ ಬಂದರು. ಬಾಡಿಗೆ ಕೊಟ್ಟಾಯಿತು. ಹೆತ್ತೆ: ಸೊಪ್ಪು ಎರಡು ಕಟ್ಟು, ಒಂದು ನಮಗೆ, ಒಂದು ಅಯ್ಯನಿಗೆ.’ ಮುಂದಿನ ತಿಂಗಳು: ‘ಅಯ್ಯ ಕೊಡೆ ಮರೆತರು. ಅವರೆ ಮರೆಯಲಿಲ್ಲ.’ ಇನ್ನೊಂದು: ‘ಮಳೆ. ಅಯ್ಯ ಹೆತ್ತೆಯ ಬುಟ್ಟಿಯನ್ನು ತಾವೇ ಎತ್ತಿ ಒಳಗಿಟ್ಟರು.’ ಓದುತ್ತ ಓದುತ್ತ ಪಟ್ಟಿ ಮಾಡುವುದನ್ನು ಮರೆತೆ. ಆ ಸಂಜೆಗಳ ತಗಡಿನ ಮೇಲಿನ ಮಳೆ, ಕಂಡಕ್ಟರನ ಸೀಟಿ, ಆ ಇಬ್ಬರು ಮುದುಕರು ನಾರು, ಹಲ್ಲು ಎಂದು ಕಿತ್ತಾಡುವುದು ಎಲ್ಲ ಅಲ್ಲಿತ್ತು. ಅವರ ಜಗಳವನ್ನು ನಾನು ಬಜಾರಿನ ಮಾಮೂಲಿ ಶಬ್ದ ಎಂದುಕೊಂಡು ಕೇಳಿಸಿಕೊಂಡೇ ಇರಲಿಲ್ಲ, ಬರೆದುಕೊಂಡಿದ್ದೆ ಅಷ್ಟೆ.

ಆಮೇಲೆ ಎಣಿಸಿದೆ. ಜ್ವರ, ಪರೀಕ್ಷೆ ಕಳೆದು, ಅಯ್ಯ ಬಾಡಿಗೆಗೆ ಬಂದದ್ದನ್ನು ನಾನು ಕಂಡು ಬರೆದದ್ದು ನೂರ ಹದಿನೆಂಟು ಸಲ. ಅದರಲ್ಲಿ ಎಪ್ಪತ್ತಮೂರು ಸಲ ಅವರು ಹೆತ್ತೆಯ ಬುಟ್ಟಿಯಿಂದ ಏನಾದರೂ ಕೈಯಲ್ಲಿ ಹಿಡಿದುಕೊಂಡೇ ಹೋಗಿದ್ದರು.

ವಕೀಲಮ್ಮನಿಗೆ ಫೋನ್ ಮಾಡಿ ಹೇಳಿದೆ. “ಅಂದ್ರೆ ಮಾಲೀಕರಿಗೆ ಗೊತ್ತಿತ್ತು. ಗೊತ್ತಿದ್ದೂ ಬಾಡಿಗೆ ತಗೊಂಡ್ರು. ತಾವೂ ಸೊಪ್ಪು ತಗೊಂಡ್ರು. ಇದು ಕೋರ್ಟಿನಲ್ಲಿ ಹೇಳುವಂಥ ಮಾತು. ಗೆದ್ದೇ ಗೆಲ್ತೀವಿ ಅಂತ ನಾನು ಹೇಳಲ್ಲ. ನೋಟೀಸಿಗೆ ಉತ್ತರ ಗಡುವಿನೊಳಗೆ ನಾನು ಕಳಿಸ್ತೀನಿ. ಅದಕ್ಕೂ ಮೊದಲು ಒಮ್ಮೆ ಅವರ ಮನೆಗೆ ಹೋಗಿ ಕೂತು ಮಾತಾಡಿ. ಪುಸ್ತಕ ತಗೊಂಡು ಹೋಗಿ, ಪೂರ್ತಿ.”

ಭಾನುವಾರ ಹೋದೆವು. ಅಯ್ಯನ ಮಗ ಕೂರಿಸಿದರು, ಚಹಾ ಕೊಟ್ಟರು, ಮುಖ ಮಾತ್ರ ಬಿಗಿಯಾಗಿತ್ತು. ಅಪ್ಪ ಏನೂ ವಾದಿಸಲಿಲ್ಲ. “ಸಾರ್, ಹೆತ್ತೆ ಕೊಟ್ಟದ್ದನ್ನ ತಗೊಂಡದ್ದು ನಿಜ. ಅದನ್ನ ಇವಳು ಬರೆದಿದ್ದಾಳೆ. ನೀವೇ ಓದಿ” ಎಂದು ಪುಸ್ತಕಗಳನ್ನು ಕೊಟ್ಟುಬಿಟ್ಟರು. ಅವರು ಕನ್ನಡಕ ಹಾಕಿಕೊಂಡು ಬ್ಯಾಂಕಿನವರ ಹಾಗೆ ಮೇಲಿಂದ ಕೆಳಕ್ಕೆ ಬೆರಳಿಟ್ಟು ಓದಿದರು. ‘ಅವರೆ ಮರೆಯಲಿಲ್ಲ’ ಎಂಬಲ್ಲಿ ಬೆರಳು ನಿಂತಿತು.

“ಅಪ್ಪ ಮೊದಲ ಸೋಮವಾರ ಮನೆಗೆ ಸೊಪ್ಪು ತರ್ತಿದ್ರು,” ಎಂದರು ತಮಗೆ ತಾವೇ ಎಂಬಂತೆ. “ಬಜಾರಿನಲ್ಲಿ ಚೌಕಾಸಿ ಮಾಡಿ ತಂದೆ ಅಂತ ಅಮ್ಮನಿಗೆ ಹೇಳ್ತಿದ್ರು.”

“ಚೌಕಾಸಿ ಮಾಡಿದ್ದು ಸುಳ್ಳಲ್ಲ, ಸಾರ್. ಕಾಸು ಕೊಟ್ಟದ್ದು ಇಲ್ಲೆ” ಎಂದರು ಅಪ್ಪ.

ಅವರು ನಕ್ಕುಬಿಟ್ಟರು. ಆಮೇಲೆ ತಮ್ಮ ಭಯ ಹೇಳಿದರು. ಕಟ್ಟಡದಲ್ಲಿ ನಾಲ್ಕು ಅಂಗಡಿಗಳಿವೆ, ಒಂದಕ್ಕೂ ಕಾಗದವಿಲ್ಲ. ಹೀಗೇ ಬಿಟ್ಟರೆ ಜಗಲಿಯಲ್ಲಿ ಕೂತವರೂ ನಾಳೆ ಹಕ್ಕು ಕೇಳುತ್ತಾರೆ, ಬಾಡಿಗೆ ತೆಗೆದುಕೊಂಡರೆ ಇದ್ದದ್ದನ್ನು ಒಪ್ಪಿಕೊಂಡಂತೆ ಎಂದು ಅವರ ವಕೀಲರು ಹೇಳಿದ್ದರಂತೆ. “ನನಗೆ ನಿಮ್ಮನ್ನ ಎಬ್ಬಿಸಬೇಕಂತ ಇರಲಿಲ್ಲ. ಯಾರು ಯಾವ ಲೆಕ್ಕದಲ್ಲಿ ಇದ್ದಾರೆ ಅನ್ನೋದೇ ನನಗೆ ಗೊತ್ತಿರಲಿಲ್ಲ.”

ನೋಟೀಸು ಹಿಂದಕ್ಕೆ ಹೋಯಿತು. ನಿಂತ ತಿಂಗಳುಗಳ ಬಾಡಿಗೆಯನ್ನು ಅಂದೇ ತೆಗೆದುಕೊಂಡು ರಸೀತಿ ಬರೆದುಕೊಟ್ಟರು. ಹೊಸ ಕರಾರಿಗೆ ಎರಡು ಕಡೆಯ ವಕೀಲರೂ ಕೂತರು. ಸೂರಿನ ರಿಪೇರಿ ಅವರದ್ದು, ಒಳಗಿನದ್ದು ನಮ್ಮದು. ಅವಧಿ ಮುಗಿದ ಮೇಲೆ ಮುಂದುವರಿಸದಿದ್ದರೆ ಯಾರೇ ಆಗಲಿ ಮೂರು ತಿಂಗಳು ಮುಂಚೆ ಬರೆದು ತಿಳಿಸಬೇಕು. ಜಗಲಿಯನ್ನು ಮಾತ್ರ ಕರಾರಿನಿಂದ ಹೊರಗಿಟ್ಟರು. ಅದು ಮಾಲೀಕರದ್ದೇ, ಅಲ್ಲಿ ಕೂರಲು ಬಿಡುವುದು ಬಿಡದಿರುವುದು ಅವರಿಗೆ ಸೇರಿದ್ದು. ಕೂತವರಿಂದ ನಾವು ಏನನ್ನೂ ತೆಗೆದುಕೊಳ್ಳಬಾರದು.

ಹೆತ್ತೆಗೆ ಇದನ್ನು ವಿವರಿಸುವ ಕೆಲಸ ನನ್ನ ಪಾಲಿಗೆ ಬಂತು. ಕೇಳಿಸಿಕೊಂಡಳು. “ಹಾಂಗಾದ್ರೆ ನಾ ಈಗ ಅಯ್ಯನ ಮಗನ ಕಡೆಯವಳು. ನಿಂಗ ಕಡೆಯವಳಲ್ಲ.”

“ಕಾಗದದಲ್ಲಿ ಹಾಗೆ, ಹೆತ್ತೆ.”

“ಒಳ್ಳೇದೇ ಆಯ್ತು. ನಿನ್ನಪ್ಪನ ಸಾಣೆ ಶಬ್ದಕ್ಕೆ ಇನ್ನು ಮೇಲೆ ನಾ ದೂರು ಕೊಡಬಹುದು.”

ಕರಾರು ದಾಖಲಾದ ದಿನ ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದರು. ಸಹಿ ಮಾಡುವಾಗ ಕೊನೆಯ ಪುಟದಲ್ಲಿದ್ದ, ಕರಾರು ಮುಗಿಯುವ ತಾರೀಖಿನ ಮೇಲೆ ಬಹಳ ಹೊತ್ತು ಕಣ್ಣಿಟ್ಟರು. ಮೂರು ವರ್ಷ. ಅಯ್ಯನ ಕಾಲದಲ್ಲಿ ಯಾವ ದಿನ ಬೇಕಾದರೂ ಎಬ್ಬಿಸಬಹುದಿತ್ತು, ಈಗ ಮೂರು ವರ್ಷ ಯಾರೂ ಸುಮ್ಮಸುಮ್ಮನೆ ಎಬ್ಬಿಸುವಂತಿಲ್ಲ. ಆದರೂ ಅಯ್ಯನ ಕಾಲದಲ್ಲಿ ಅಂಗಡಿಗೆ ಕೊನೆಯ ದಿನ ಎಂಬುದೊಂದು ಇರಲಿಲ್ಲ, ಈಗ ಅದು ಅಚ್ಚಾಗಿ ಎದುರಿಗಿತ್ತು. ಅಪ್ಪನಿಗೂ ಅದೇ ಅನ್ನಿಸಿತೋ ಏನೋ, ಕೇಳಲಿಲ್ಲ.

ಕಚೇರಿಯಿಂದ ಹೊರಗೆ ಬಂದ ಮೇಲೆ, “ಮೂರು ವರ್ಷ ಅಂದ್ರೆ ಎಷ್ಟು ಮಳೆಗಾಲ?” ಎಂದರು.

“ಮೂರು, ಅಪ್ಪ.”

“ಹಂಗಾದ್ರೆ ಕೊಯಮತ್ತೂರಿನ ಸಗಟು ಅಂಗಡಿಗೆ ಫೋನ್ ಮಾಡು. ಈ ಸಲದ ಬೂಟು ಇನ್ನೂ ಹೇಳಿಲ್ಲೆ.”

ನೋಟೀಸು ಬಂದಾಗಿನಿಂದ ಅವರು ಅಂಗಡಿಗೆ ಒಂದು ಜೊತೆಯನ್ನೂ ತರಿಸಿರಲಿಲ್ಲ ಎಂಬುದು ನನ್ನ ಲೆಕ್ಕದಲ್ಲಿತ್ತು, ಯಾಕೆ ಎಂಬುದು ಇರಲಿಲ್ಲ. ಬಸ್ ನಿಲ್ದಾಣದ ಗೋಡೆಗೆ ಒರಗಿ ನಿಂತು ಆರು, ಏಳು, ಎಂಟು ನಂಬರುಗಳಲ್ಲಿ ಯಾವುದು ಎಷ್ಟು ಬೇಕು ಎಂದು ಅವರು ಹೇಳುತ್ತ ಹೋದರು, ನಾನು ಬರೆದುಕೊಂಡೆ.