ಕತ್ರಿನಬಾಯಿ ಕಲಿಸಿದ ಮೂರು ವಾಕ್ಯ

ಭಾನುವಾರ. ಶಿವಮೊಗ್ಗದ ಈ ಹಾಸ್ಟೆಲ್ ಕೋಣೆಯನ್ನು ಗುಡಿಸೋಣವೆಂದು ನೀರು ಚಿಮುಕಿಸಿದೆ. ಒದ್ದೆ ಧೂಳಿನ ವಾಸನೆ ಎದ್ದದ್ದೇ ತಡ, ನನ್ನ ಬಾಯಿ ನನ್ನ ಅಪ್ಪಣೆ ಕೇಳದೆ ಪೋರ್ಚುಗೀಸಿನಲ್ಲಿ ಮಾತಾಡಿತು: "ಎಶ್ತೊ ಅ ವರೇರ್ ಅ ಸಾಲ." ಹಜಾರ ಗುಡಿಸುತ್ತಿದ್ದೇನೆ ಎಂದರ್ಥ. ಇಲ್ಲಿ ಹಜಾರವೂ ಇಲ್ಲ, ಕೇಳುವವರೂ ಇಲ್ಲ. ನನ್ನ ಪೋರ್ಚುಗೀಸು ಇಂಥ ಮೂರು ವಾಕ್ಯಕ್ಕೆ ಮುಗಿಯುತ್ತದೆ. ನಗಬೇಡಿ, ಚರ್ಚಾಸ್ಪರ್ಧೆಗಳಲ್ಲಿ ಇದಕ್ಕಿಂತ ಕಡಿಮೆ ಸರಕಿನಲ್ಲಿ ಗೆದ್ದಿದ್ದೇನೆ.

ಕಲಿಸಿದವಳು ಭದ್ರಾವತಿಯ ನ್ಯೂಟೌನಿನಲ್ಲಿ ನಮ್ಮ ಪಕ್ಕದ ಕ್ವಾರ್ಟರ್ಸಿನ ಕತ್ರಿನಬಾಯಿ, ಫಿಟ್ಟರೊಬ್ಬನ ಹೆಂಡತಿ. ಅವಳ ಹುಡುಗಿತನದಲ್ಲಿ ಗೋವೆಯಲ್ಲಿ ಇನ್ನೂ ಪೋರ್ಚುಗೀಸರ ಆಳ್ವಿಕೆ. ಮದುವೆಗೆ ಮುಂಚೆ ಅಲ್ಲಿ ಅವರ ಪೈಕಿ ಒಬ್ಬ ಮುದುಕಿಯ ಮನೆಗೆಲಸಕ್ಕಿದ್ದಳಂತೆ. ಪಾತ್ರೆ ಬೆಳಗುವಾಗ, ಬಟ್ಟೆ ಹರವುವಾಗ, ಮಾಡುತ್ತಿರುವುದನ್ನು ಆ ಭಾಷೆಯಲ್ಲಿ ಗಟ್ಟಿಯಾಗಿ ಹೇಳಿಕೊಳ್ಳುವಳು. ಬೀದಿಯವರಿಗೆ ಅದು ಮಂತ್ರ, ನನಗೆ ಮೌಢ್ಯ. ಕೇಳುವವರಿಲ್ಲದ ಮಾತು ಮಾತೇ ಅಲ್ಲವೆಂದು ಬೇಲಿಯ ಈಚೆಯಿಂದ ವಾದ ಹೂಡಿದೆ. ಅವಳು ಬಟ್ಟೆ ಹಿಂಡುವುದನ್ನು ನಿಲ್ಲಿಸಲಿಲ್ಲ.

"ಆ ಅಮ್ಮಂಗೆ ಕಣ್ಣು ಇರ್ಲಿಲ್ಲ ಬಾಬಾ. ಸದ್ದಾದ್ರೆ ಹೆದ್ರೋರು. ಹೇಳ್ತಾ ಮಾಡಿದ್ರೆ ಹೆದ್ರಿಕೆ ಇಲ್ಲ. ಈಗ ಬಾಯಿಗೆ ಅಭ್ಯಾಸ, ಏನ್ ಮಾಡ್ಲಿ?"

ನಮ್ಮ ಅಜ್ಜಿಯ ಕಣ್ಣು ಆ ವರ್ಷವಷ್ಟೇ ಪೂರ್ತಿ ಹೋಗಿತ್ತು. ನನಗೆ ಬೇಸಿಗೆ ರಜೆ. ಅಪ್ಪ ಅಮ್ಮ ಕೆಲಸಕ್ಕೆ ಹೋದರೆ ಮನೆಯಲ್ಲಿ ನಾವಿಬ್ಬರೇ. ಲೋಟ ಉರುಳಿದರೂ ಅಜ್ಜಿ ಮಂಚದ ಪಟ್ಟಿ ಬಿಗಿಹಿಡಿದು "ಯಾರದು?" ಎನ್ನುವರು. ಮಂಚ ಬಿಟ್ಟು ಏಳುವುದನ್ನೇ ನಿಲ್ಲಿಸಿದ್ದರು. ಹೆದರಲು ಕಾರಣವಿಲ್ಲವೆಂದು ಅಂಶ ಒಂದು, ಅಂಶ ಎರಡು ಎಂದು ಸಾಧಿಸಿ ತೋರಿಸಿದ್ದೆ. ಪಟ್ಟಿ ಹಿಡಿದ ಕೈ ಸಡಿಲವಾಗಲಿಲ್ಲ. ಕತ್ರಿನಬಾಯಿಯ ಹಾಗೆ ಹೇಳುತ್ತಾ ಮಾಡಿ ನೋಡೋಣವೆಂದು ಅವಳ ವಾಕ್ಯಗಳನ್ನು ಕೇಳಿದೆ.

ಕನ್ನಡದಲ್ಲೇ ಹೇಳಬಹುದಿತ್ತಲ್ಲ ಎನ್ನುವಿರಿ. ಹೇಳಿದ್ದೆ. 'ಗುಡಿಸ್ತಿದೀನಿ' ಎಂದರೆ ಅಜ್ಜಿಗೆ ಮುಜುಗರ. ತನ್ನಿಂದಾಗಿ ಮೊಮ್ಮಗ ಪೊರಕೆ ಹಿಡಿದನೆಂಬ ಸಂಕಟ. ಪೋರ್ಚುಗೀಸಾದರೆ ಆಟ. ಆದರೆ ಕತ್ರಿನಬಾಯಿ ಕೈಯಲ್ಲಿ ಕೆಲಸವಿಲ್ಲದೆ ವಾಕ್ಯ ಕೊಡುತ್ತಿರಲಿಲ್ಲ. ಅವಳ ಹಿತ್ತಲಲ್ಲಿ ಪಾತ್ರೆ ತಿಕ್ಕಿಯೇ "ಎಶ್ತೊ ಅ ಲವಾರ್ ಅ ಲೋಸ" ಕಲಿತೆ, ಬಟ್ಟೆ ಹರವಿಯೇ "ಎಶ್ತೊ ಅ ಎಶ್ತೆಂದೇರ್ ಅ ರೋಪ".

ಅಜ್ಜಿ ಮೊದಲು ನಕ್ಕರು. ಆಮೇಲೆ ಯಾವ ವಾಕ್ಯಕ್ಕೆ ಯಾವ ಸದ್ದೆಂದು ಗುರುತು ಹಿಡಿದು, ಪ್ರತಿ ವಾಕ್ಯಕ್ಕೂ "ಆಗ್ಲಿ" ಎನ್ನತೊಡಗಿದರು. 'ಯಾರದು' ನಿಂತಿತು. ನನಗೆ ಗೆದ್ದ ಗರ್ವ.

ಒಂದು ಮಧ್ಯಾಹ್ನ ಹಜಾರದಲ್ಲಿ ಕಾಲುಚಾಚಿ ಓದುತ್ತಿದ್ದವನು, ಪಾತ್ರೆಗಳು ಹಾಗೇ ಬಿದ್ದಿದ್ದರೂ, "ಎಶ್ತೊ ಅ ಲವಾರ್ ಅ ಲೋಸ" ಎಂದು ಕೂಗಿ ಪುಟ ತಿರುಗಿಸಿದೆ. ಸ್ವಲ್ಪ ಹೊತ್ತಿಗೆ ತಲೆಯೆತ್ತಿದರೆ ಅಜ್ಜಿ. ಎಷ್ಟೋ ತಿಂಗಳ ಮೇಲೆ ಮಂಚ ಬಿಟ್ಟು, ನನ್ನ ಮಾತನ್ನೇ ನಂಬಿ, ಗೋಡೆ ತಡವುತ್ತಾ, ನಾನು ಪಾತ್ರೆ ತಿಕ್ಕುವ ಬಚ್ಚಲಿನತ್ತ ಹೊರಟಿದ್ದರು. ದಾರಿಯಲ್ಲೇ ನಿಂತು ಕಿವಿಗೊಟ್ಟರು.

"ಪಾತ್ರೆ ಸದ್ದೇ ಇಲ್ವಲ್ಲೋ ಮಾರಾಯ. ನೀನೆಲ್ಲಿದೀಯ?"

ಆ ಭಾಷೆಯ ಒಂದಕ್ಷರ ತಿಳಿಯದ ಮುದುಕಿ, ನನ್ನ ಸುಳ್ಳನ್ನು ಅದೇ ಭಾಷೆಯಲ್ಲಿ ಹಿಡಿದಿದ್ದರು. ಗಾಳಿಯಲ್ಲಿ ಚಾಚಿದ ಆ ಕೈಯನ್ನು ನೋಡಿ ಪುಸ್ತಕ ಕೆಳಗಿಟ್ಟೆ. ಒಂದು ವಾಕ್ಯದ ಮೇಲೆ ಒಬ್ಬರು ಇಷ್ಟು ಭಾರ ಹಾಕಿ ನಡೆಯಬಹುದೆಂದು ಯಾವ ವೇದಿಕೆಯೂ ನನಗೆ ಕಲಿಸಿರಲಿಲ್ಲ. ಓಡಿಹೋಗಿ ಆ ಕೈ ಹಿಡಿದು, ಬಚ್ಚಲಿನ ಕಟ್ಟೆಯ ಮೇಲೆ ಕೂರಿಸಿ, ಪಾತ್ರೆ ಬೆಳಗಿದೆ.

ಅಜ್ಜಿ ಹೋಗಿ ಎರಡು ವರ್ಷ.

ಸ್ನಾನ ಮುಗಿಸಿ ಬಂದ ರೂಮ್‌ಮೇಟ್ ಬಾಗಿಲಲ್ಲೇ ನಿಂತು, "ಯಾರ್ ಹತ್ರ ಮಾತಾಡ್ತಿದೀಯ ಮಾರಾಯ?" ಎಂದ. ಒಂದು ಕಾಲಕ್ಕೆ ನನ್ನದೇ ಆಗಿದ್ದ ಪ್ರಶ್ನೆ. ವಾದಕ್ಕೆ ಹೋಗಲಿಲ್ಲ. ಗುಡಿಸುತ್ತಿದ್ದೇನೆ ಎಂದು ಹೇಳಿಯಾಗಿತ್ತಲ್ಲ. ಬಗ್ಗಿ, ಅವನ ಮಂಚದ ಕೆಳಗೂ ಪೊರಕೆ ಹಾಕಿದೆ.