ಹನ್ನೊಂದು ತಿಂಗಳಿಗೊಂದು ಬೀಗ

ನಮ್ಮ ಮನೆಯ ಮಾಲಕರು ಬೀಗ ತೆಗೆಯುವುದನ್ನು ಮೊದಲ ಸಲ ನೋಡಿದವರಿಗೆ, ಅವರು ಬಾಗಿಲನ್ನು ತಬ್ಬಿಕೊಂಡು ಅಳುತ್ತಿದ್ದಾರೇನೋ ಅನ್ನಿಸಬೇಕು. ಬೀಗದಕೈಗಳ ಗೊಂಚಲು ಅವರ ಉಡುದಾರಕ್ಕೆ ಗೇಣುದ್ದವೂ ಇಲ್ಲದ ದಾರದಲ್ಲಿ ಕಟ್ಟಿರುತ್ತಿತ್ತು. ಸೊಂಟವನ್ನು ಬೀಗದ ಎತ್ತರಕ್ಕೆ ತರಲು ಅವರು ತುದಿಗಾಲಲ್ಲಿ ನಿಂತು, ಹೊಟ್ಟೆಯನ್ನು ಬಾಗಿಲಿಗೆ ಒತ್ತಿ, ಕೆನ್ನೆಯನ್ನು ಚೌಕಟ್ಟಿಗೆ ಆನಿಸಿ ಕೈ ತಿರುಗಿಸಬೇಕಿತ್ತು. ದಾರ ಸ್ವಲ್ಪ ಉದ್ದ ಮಾಡಿಕೊಳ್ಳಬಾರದೇ ಎಂದು ಒಮ್ಮೆ ಕೇಳಿದೆ.

"ದಾರ ಉದ್ದ ಆದಷ್ಟೂ ಕೀಲಿಕೈ ಮತ್ತೊಬ್ಬರ ಕೈಗೆ ಹತ್ರ ಆಗ್ತದ್ರಿ" ಎಂದರು.

ಪುಣೆಯ ಬಿಬವೇವಾಡಿಯ ತರಕಾರಿ ಮಾರುಕಟ್ಟೆಯ ಹಿಂದಿರುವ ಆ ಮೂರಂತಸ್ತಿನ ಹಳೆಯ ಕಟ್ಟಡಕ್ಕೆ ಲಿಫ್ಟಿಲ್ಲ, ಬಣ್ಣ ಯಾವುದಿತ್ತೆಂದು ಈಗ ಹೇಳುವುದೂ ಕಷ್ಟ. ನಾನು ಅಲ್ಲಿಗೆ ಬಂದದ್ದು ಬೇರೆಲ್ಲೂ ಸಿಗದೆ. ಗಂಡನಿಂದ ಬೇರೆಯಾಗಿದ್ದೆ, ಜೊತೆಗೆ ಶಾಲೆಗೆ ಹೋಗುವ ಮಗಳು, ಧನಕವಡಿಯ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ. ಹೋದಲ್ಲೆಲ್ಲ ಮರಾಠಿಯಲ್ಲೋ ಹಿಂದಿಯಲ್ಲೋ ಅದೇ ಪ್ರಶ್ನೆ: ಯಜಮಾನರೆಲ್ಲಿ? ಇಲ್ಲ ಎಂದ ಕೂಡಲೇ ಆವರೆಗೆ ಖಾಲಿಯಿದ್ದ ಮನೆಯನ್ನು ನಿನ್ನೆಯೇ ಬೇರೆ ಯಾರಿಗೋ ಕೊಡುವುದಾಗಿ ಮಾತು ಕೊಟ್ಟಿರುತ್ತಿದ್ದರು.

ಮಾಲಕರು ಅಥಣಿ ಕಡೆಯವರು. ಪುಣೆಯ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರಾಗಿ ಜೀವನ ಕಳೆದು, ಈ ಕಟ್ಟಡದಲ್ಲಿ ಮೇಲೊಂದು ಕೆಳಗೊಂದು ಮನೆ ಮಾಡಿಕೊಂಡಿದ್ದರು. ಅವರೂ, ನಾವೆಲ್ಲ ಕಾಕೂ ಎನ್ನುವ ಅವರ ಹೆಂಡತಿಯೂ ಕೆಳಗಿರುತ್ತಿದ್ದರು. ನನ್ನನ್ನು ನೋಡಿ ಮಾಲಕರು ಯಜಮಾನರ ವಿಷಯ ಎತ್ತಲಿಲ್ಲ.

"ಯಾವೂರ್ರಿ ನಿಮ್ದು?"

"ವಿಜಾಪುರ ಕಡೀರಿ."

"ರೊಟ್ಟಿ ಬಡೀತೀರೇನ್ರಿ?"

ಸಪ್ಪಳದ ತಕರಾರು ಇರಬೇಕೆಂದುಕೊಂಡು, "ದಿನಾ ಇಲ್ರಿ, ರಜಾ ಇದ್ದಾಗ ಅಷ್ಟ" ಎಂದು ತಗ್ಗಿದ ದನಿಯಲ್ಲಿ ಹೇಳಿದೆ.

"ದಿನಾ ಬಡೀರಿ. ಮ್ಯಾಲಿಂದ ರೊಟ್ಟಿ ಸಪ್ಪಳ ಕೇಳಿ ಭಾಳ ದಿವಸ ಆತು."

ಆಮೇಲೆ ಷರತ್ತು ಹೇಳಿದರು. ಪುಣೆಯಲ್ಲಿ ಬಾಡಿಗೆಯ ಕರಾರು ಹನ್ನೊಂದು ತಿಂಗಳದ್ದು. ಮುಗಿದಾಗ ಯಂತ್ರಕ್ಕೆ ಹೆಬ್ಬೆಟ್ಟು ಒತ್ತಿ ಮುಂದುವರಿಸುವುದು ಎಲ್ಲರ ರೂಢಿ. ಮಾಲಕರಿಗೆ ಅಷ್ಟು ಸಾಲದು. ಅವರ ಮೊದಲ ಬಾಡಿಗೆದಾರನೊಬ್ಬ ಮನೆ ಬಿಡುವುದಿಲ್ಲ ಎಂದು ಕುಳಿತು, ಅವರನ್ನು ಕೋರ್ಟಿಗೆ ಅಲೆಸಿ ಅಲೆಸಿ ಹಣ್ಣು ಮಾಡಿದ್ದ. ಅಂದಿನಿಂದ ಅವರದೇ ಒಂದು ಪದ್ಧತಿ.

"ಒಲಿ, ದೇವರು, ನೀರಿನ ಕೊಡ. ಈ ಮೂರೂ ಹೊಸ್ತಿಲಾ ದಾಟಿದ್ವು ಅಂದ್ರ ಮನಿ ಖಾಲಿ ಆದಂಗ. ಒಂದ್ ರಾತ್ರಿ ನನ್ನ ಕೀಲಿ ಇರ್ತದ. ಮರುದಿವಸ ಹಾಲು ಉಕ್ಕಿಸಿ ಮತ್ತ ಒಳಗ ಬರ್ರಿ."

"ಆ ರಾತ್ರಿ ನಾವೆಲ್ಲಿರಬೇಕ್ರಿ?"

ಅವರಿಗೆ ನಿಜವಾಗಿಯೂ ಬೇಸರವಾಯಿತು. "ಎಲ್ಲಿ ಅಂದ್ರ? ನಮ್ಮ ಮನ್ಯಾಗ. ಫುಟ್‌ಪಾತ್ ಮ್ಯಾಲ ಮಲಗಸ್ತೀನೇನ್ರಿ ನಿಮ್ಮನ್ನ?"

ಕರಾರು ಮಾಡಿಸುವ ಏಜೆಂಟು ಮುಖ ತಿರುಗಿಸಿ ನಕ್ಕ. ಕಾನೂನಿನಲ್ಲಿ ಇದಕ್ಕೆ ಮೂರು ಕಾಸಿನ ಬೆಲೆಯಿಲ್ಲ ಎಂದು ಮೆಟ್ಟಿಲಿಳಿಯುವಾಗ ನನಗೆ ಹೇಳಿದ. ನನಗೆ ನಗು ಬರಲಿಲ್ಲ. ಮಗರಪಟ್ಟಾದ ಎತ್ತರದ ಕಟ್ಟಡವೊಂದರಲ್ಲಿ ನಾನು ಸಂಸಾರ ಮಾಡಿಕೊಂಡಿದ್ದ ಮನೆಗೆ ಒಂದು ಸಂಜೆ ಮಗಳನ್ನು ಶಾಲೆಯಿಂದ ಕರೆತಂದಾಗ ಬಾಗಿಲಿಗೆ ಹೊಸ ಬೀಗವಿತ್ತು. ಗಂಡ ಫೋನೆತ್ತಲಿಲ್ಲ. ನಮ್ಮ ಬಟ್ಟೆಗಳಿದ್ದ ಚೀಲಗಳನ್ನು ವಾಚ್‌ಮನ್ ತಲೆತಗ್ಗಿಸಿಕೊಂಡು ತಂದುಕೊಟ್ಟ. ಆ ಬೀಗ ನಮಗಾಗಿ ಮತ್ತೆ ತೆರೆಯಲಿಲ್ಲ. ಅಂಥವಳು ಈಗ ಹನ್ನೊಂದು ತಿಂಗಳಿಗೊಮ್ಮೆ ಕೈಯಾರೆ ಮನೆ ಬಿಟ್ಟು, ಇನ್ನೊಬ್ಬರ ಬೀಗ ತೆರೆಯುವುದನ್ನು ಕಾಯಬೇಕು. ಇದನ್ನು ಮಾಲಕರಿಗೆ ಹೇಳಲಿಲ್ಲ. ಹೇಳಿದ್ದರೆ ಆ ಮನೆಯೂ ತಪ್ಪುತ್ತದೆಂಬ ಭಯ.

ಮನೆಯೇನೋ ಸುಖವಾಗಿಯೇ ಇತ್ತು. ಬೆಳಿಗ್ಗೆ ಕಾರ್ಪೊರೇಷನ್ ನೀರು ಬಂತೆಂದರೆ ಮಾಲಕರು ಸೌಟಿನಿಂದ ಪೈಪಿಗೆ ಬಡಿದು ಮೂರೂ ಅಂತಸ್ತಿನವರನ್ನು ಎಬ್ಬಿಸುತ್ತಿದ್ದರು. ನಲ್ಲಿ ರಿಪೇರಿಯವನಿಗೆ ಮರಾಠಿಯಲ್ಲಿ ಬೈದು, ಸಿಟ್ಟು ಜಾಸ್ತಿಯಾದಾಗ ಕನ್ನಡಕ್ಕೆ ಬರುತ್ತಿದ್ದರು. ಮಗಳು ಮರಾಠಿಯಲ್ಲಿ 'ಆಜೋಬಾ' ಎಂದು ಕರೆದರೆ ಕಿವಿ ಕೇಳದವರಂತೆ ಕೂರುತ್ತಿದ್ದರು, 'ಅಜ್ಜಾ' ಎಂದರೆ ಮಾತ್ರ ಓಗೊಡುತ್ತಿದ್ದರು. ನಮ್ಮ ಮನೆಯೊಳಗೆ ಕೇಳದೆ ಒಂದು ಹೆಜ್ಜೆಯೂ ಇಟ್ಟವರಲ್ಲ. ಗೋಡೆ ತೇವವಾಗಿದೆ, ಬಂದು ನೋಡಿ ಎಂದು ನಾನೇ ಕರೆದರೂ ಹೊಸ್ತಿಲಾಚೆ ನಿಂತು "ಬರ್ಲೇನ್ರಿ?" ಎನ್ನುತ್ತಿದ್ದರು. ನಿಮ್ಮದೇ ಮನೆಯಲ್ಲವೇ ಎಂದರೆ, "ಬಾಡಿಗಿ ಕೊಟ್ಟ ಮ್ಯಾಲ ಇದು ನಿಮ್ಮ ಮನಿ. ನಾ ಹೊರಗಿನಾಂವ" ಎನ್ನುವರು.

ಮೊದಲ ಹನ್ನೊಂದು ತಿಂಗಳು ಮುಗಿದ ದಿನ ಒಲೆ, ದೇವರ ಫೋಟೋ, ಕೊಡ ಕೆಳಗಿಳಿದವು. ಕಾಕೂ ಹೋಳಿಗೆ ಮಾಡಿದ್ದರು. ಬೀಗರಿಗೆ ಮಾಡುವಂಥ ಉಪಚಾರ. ಹಾಸಿಗೆಯಲ್ಲಿ ಒದ್ದಾಡುತ್ತ ಬೆಳಗು ಮಾಡಿದೆ. ಮುಂಜಾನೆ ಮಾಲಕರು ಬಾಗಿಲಿಗೆ ಹೊಟ್ಟೆ ಒತ್ತಿ ನಿಂತರು, ಬೀಗ ಟಕ್ಕೆಂದು ಬಿಚ್ಚಿಕೊಂಡಿತು. ಒಳಗೆ ಹೋಗಿ ಹಾಲು ಉಕ್ಕಿಸಿ, ಅಡುಗೆಮನೆಯಲ್ಲೇ ಕುಳಿತು ಮನಸಾರೆ ಅತ್ತೆ. ಇನ್ನು ಹನ್ನೊಂದು ತಿಂಗಳು ಚಿಂತೆಯಿಲ್ಲ ಎಂಬ ಸಮಾಧಾನಕ್ಕೇ ಆ ಅಳು.

ಎರಡನೆಯ ಸಲ ಎಲ್ಲರೂ ಊಟಕ್ಕೆ ಕುಳಿತಿದ್ದೆವು. ಮಗಳು ತನ್ನ ಶಾಲೆಯ ಚೀಲಕ್ಕೆ ಎಲ್ಲ ಪುಸ್ತಕ, ಬಣ್ಣದ ಪೆನ್ಸಿಲ್, ಸ್ವೆಟರ್ ತುಂಬಿ ತಂದು ಮಗ್ಗುಲಲ್ಲೇ ಇಟ್ಟುಕೊಂಡಿದ್ದಳು. ನಾನೇನೂ ಹೇಳಿರಲಿಲ್ಲ.

"ಏನವಾ, ನಾಳಿ ಸಾಲಿ ಸೂಟಿ. ಚೀಲಾ ಯಾಕ ತಂದಿ?" ಎಂದರು ಮಾಲಕರು.

"ಪಪ್ಪಾನೂ ಒಂದಿನ ಕೀಲಿ ಹಾಕಿದ್ರು ಅಜ್ಜಾ. ಆಮ್ಯಾಲ ತಗೀಲೇ ಇಲ್ಲ. ನನ್ನ ಕತಿ ಪುಸ್ತಕ, ಬಣ್ಣದ ಪೆನ್ಸಿಲ್ ಎಲ್ಲಾ ಒಳಗೇ ಉಳದ್ವು."

ಮಾಲಕರು ನನ್ನತ್ತ ನೋಡಿದರು. ನಾನು ತಟ್ಟೆ ನೋಡಿದೆ. ಅವರು ಹೋಳಿಗೆ ಅರ್ಧಕ್ಕೇ ಬಿಟ್ಟು ಎದ್ದು ಒಳಕೋಣೆಗೆ ಹೋದರು. ಉಣ್ಣುವಾಗ ಎದ್ದು ಹೋಗುವುದು ಯಾವ ಸೀಮೆಯ ಪದ್ಧತಿ ಎಂದು ಕಾಕೂ ಗೊಣಗಿದರು. ಗಂಡ ಬಿಟ್ಟವಳೆಂದು ಗೊತ್ತಾಯಿತು, ಇನ್ನು ಈ ಮನೆಯ ಋಣ ತೀರಿತು ಎಂದೇ ಲೆಕ್ಕ ಹಾಕಿದೆ.

ತಿರುಗಿ ಬಂದಾಗ ಅವರ ಒಂದು ಕೈ ಸಡಿಲಾದ ಧೋತರ ಹಿಡಿದಿತ್ತು. ಇನ್ನೊಂದರಲ್ಲಿ ಗೊಂಚಲಿನಿಂದ ಬಿಚ್ಚಿದ ಒಂದೇ ಒಂದು ಬೀಗದಕೈ. ಅದನ್ನು ನನ್ನ ತಟ್ಟೆಯ ಪಕ್ಕ ಇಟ್ಟರು.

"ಇದು ಈ ಮನಿದು, ಮುಂಬಾಗಲದ್ದು. ಒಳಗಿಂದ ಕೀಲಿ ಹಾಕಿ ಇವತ್ತ ರಾತ್ರಿ ನಿಮ್ಮ ಹತ್ರ ಇಟ್ಕೋರಿ. ನಿಮ್ಮ ಮನಿ ನನ್ನ ಕೈಯಾಗ, ನಮ್ಮ ಮನಿ ನಿಮ್ಮ ಕೈಯಾಗ. ನಾ ತಗೀಲಿಲ್ಲಂದ್ರ ನೀವೂ ತಗೀಬ್ಯಾಡ್ರಿ."

ಬೀಗದಕೈಯನ್ನು ಕೈಗೆತ್ತಿಕೊಂಡೆ. ಆಮೇಲೆ ಧೈರ್ಯ ಮಾಡಿ, "ಈ ಪದ್ಧತೀನ ಬಿಟ್ಟುಬಿಟ್ರ ಹ್ಯಾಂಗ್ರಿ, ಮಾಲಕರ?" ಎಂದೆ.

"ಅದು ಮಾತ್ರ ಆಗೂದಿಲ್ಲವಾ" ಎಂದು ಅವರು ನೆಲ ನೋಡುತ್ತ ಹೇಳಿದರು. "ನನಗೂ ಅಂಜಿಕಿ ಅದ."

ನನಗೆ ಸಾಂತ್ವನ ಹೇಳಿದವರು ಬೇಕಾದಷ್ಟು ಮಂದಿ ಇದ್ದರು. ಎಲ್ಲರೂ ಧೈರ್ಯವಾಗಿರು ಎಂದವರೇ. ತನಗೂ ಅಂಜಿಕೆ ಇದೆ ಎಂದು ನನ್ನ ಸಮಕ್ಕೆ ಕುಳಿತವರು ಅವರೊಬ್ಬರೇ. ಅಂದಿನಿಂದ ಮಾಲಕರ ಮೇಲೆ ನನಗೆ ತಂದೆಯ ಮೇಲಿನಷ್ಟೇ ಪ್ರೀತಿ.

ಆಮೇಲೆ ಪ್ರತಿ ಸಲವೂ ಈ ಅದಲುಬದಲು ನಡೆಯಿತು. ಅವರು ಇದನ್ನು ಎಷ್ಟು ಮನಸ್ಸಿಗೆ ಹಚ್ಚಿಕೊಂಡರೆಂದರೆ, ಮುಂಜಾನೆ ಹಾಲಿಗೆ ಹೋಗಬೇಕಾದರೆ ಚೀಲ ಹಿಡಿದು ನನ್ನೆದುರು ನಿಂತು, "ಮಾಲಕರ, ಬಾಗಲಾ ತಗೀರಿ. ಬಾಡಿಗಿಯವರು ಹಾಲು ತರ್ಬೇಕು" ಎನ್ನುವರು. ಕಾಕೂ ಸೆರಗು ಬಾಯಿಗೆ ಒತ್ತಿಕೊಂಡು ನಗುವರು. ನನ್ನ ಭಯ ಅರ್ಧಕ್ಕರ್ಧ ಇಳಿಯಿತು. ಉಳಿದರ್ಧ ಮಾತ್ರ ದಿಂಬಿನ ಕೆಳಗಿನ ಬೀಗದಕೈಯನ್ನು ಮತ್ತೆ ಮತ್ತೆ ಮುಟ್ಟಿ ನೋಡುವಂತೆ ಮಾಡುತ್ತಿತ್ತು.

ಹೋದ ಶ್ರಾವಣದಲ್ಲಿ ಮಾಲಕರು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ಮೇಲಂತಸ್ತಿನವರು ಕಾಕೂ ಮನೆ ಮಾರುತ್ತಾರಂತೆ ಎಂದು ಮೆಟ್ಟಿಲ ಮೇಲೆ ನಿಂತು ನನಗೆ ಕೇಳುವಂತೆಯೇ ಮಾತಾಡಿಕೊಂಡರು. ನಮ್ಮ ಹನ್ನೊಂದು ತಿಂಗಳು ದೀಪಾವಳಿಗೆ ಮುಂಚೆ ಮುಗಿಯುವುದಿತ್ತು. ಕಾಕೂ ಆ ಮಾತೇ ಎತ್ತಲಿಲ್ಲ. ಆ ದಿನ ಬಂದಾಗ ನಾನೂ ಮಗಳೂ ಒಲೆ, ದೇವರು, ಕೊಡ ಹೊತ್ತು ಕೆಳಗೆ ಹೋದೆವು.

ಕಾಕೂ ಬಾಗಿಲಲ್ಲಿ ಬೆರಗಾಗಿ ನಿಂತರು. "ಇದೇನವಾ? ಮನಿ ಹೋದೀತಂತ ಅಂಜಾವರ ಹೋದ್ರು. ಇನ್ನ ಯಾರ ಸಲುವಾಗಿ ಇದನ್ನೆಲ್ಲಾ ಹೊರತೀರಿ? ಮಷೀನಿಗೆ ಬೆಟ್ಟು ಒತ್ತೀವಲ್ಲ, ಸಾಕು. ನಾ ಇರೂತನಕ ಆ ಮನಿ ನಿಂದು."

ಆ ಮಾತು ಕೇಳಿ ಎಷ್ಟೋ ದಿನದ ಉಸಿರು ಹೊರಬಂತು. ಆದರೂ, "ಇರ್ಲಿ ಕಾಕೂ. ಅವರು ಇದ್ದಾಗ ಹ್ಯಾಂಗೋ ಹಂಗ ಆಗ್ಲಿ" ಎಂದು ಒಳಗೆ ಹೋದೆ. ಮೇಲೆ ಹೋಗಿ ನಮ್ಮ ಮನೆಗೆ ಬೀಗ ಹಾಕಿ ಬಂದು, ಬೀಗದಕೈಯನ್ನು ಅವರ ಕೈಗಿಟ್ಟೆ. ಅವರು ರೂಢಿಯಂತೆ ತಮ್ಮದನ್ನು ನನ್ನತ್ತ ಚಾಚಿದರು.

"ಬ್ಯಾಡ ಕಾಕೂ. ನಿಮ್ಮ ಹತ್ರನ ಇರ್ಲಿ" ಎಂದೆ.

ಊಟವಾಯಿತು, ಮಾಲಕರ ವಿಷಯ ಮಾತಾಡಿಕೊಂಡೆವು, ಹಾಸಿಗೆ ಹಾಸಿದೆವು. ಮುಂದಿನದು ನನಗೆ ನೆನಪಿಲ್ಲ. ಕಾಕೂ ಭುಜ ಅಲುಗಿಸಿ ಎಬ್ಬಿಸಿದಾಗ ನೀರು ಬಂದು ಹೋಗಿತ್ತು, ಹಾಲಿನವನೂ ಹೋಗಿದ್ದ, ಬಿಸಿಲು ಹಾಸಿಗೆಯವರೆಗೆ ಬಂದಿತ್ತು.

"ಏಳವಾ, ಎಷ್ಟ ಮಲಗ್ತಿ" ಎಂದರು ಕಾಕೂ. "ಮ್ಯಾಲ ನಿನ್ನ ಮನಿ ಬಾಗಲಾ ಆಗಳೇ ತಗದಿಟ್ಟೀನಿ."